ಪ್ರಯೋಗದ ಚರಗಳು: ಬದಲಿಸುವುದು, ಅಳೆಯುವುದು, ಹಿಡಿದಿಡುವುದು

ಡಿಸೆಂಬರ್ ತಿಂಗಳ ಬೆಂಗಳೂರಿನಲ್ಲಿ ರಾತ್ರಿ ಹೆಪ್ಪು ಹಾಕಿಟ್ಟ ಹಾಲು ಬೆಳಿಗ್ಗೆ ಎದ್ದು ನೋಡಿದರೆ ಹಾಲಾಗಿಯೇ ಉಳಿದಿರುವುದುಂಟು. ಆಗ ಮನೆಯಲ್ಲಿ ನಾಲ್ಕು ಮಂದಿ ನಾಲ್ಕು ಕಾರಣ ಹೇಳುತ್ತಾರೆ. ಹಾಲು ಉಗುರುಬೆಚ್ಚಗಿರಲಿಲ್ಲ, ತೀರಾ ಆರಿಹೋಗಿತ್ತು ಎಂದು ಒಬ್ಬರು. ಹೆಪ್ಪು ಸಾಲಲಿಲ್ಲ ಎಂದು ಇನ್ನೊಬ್ಬರು. ಹೆಪ್ಪು ಫ್ರಿಜ್ಜಿನಲ್ಲಿ ಕುಳಿತು ಹಳತಾಗಿತ್ತು ಎಂದು ಮತ್ತೊಬ್ಬರು. ಎಲ್ಲಕ್ಕೂ ಚಳಿಯೇ ಕಾರಣ, ಪಾತ್ರೆಯನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಇಡಬೇಕಿತ್ತು ಎಂದು ಅಜ್ಜಿ. ಮರುದಿನ ನಾಲ್ಕು ಸಲಹೆಗಳನ್ನೂ ಒಟ್ಟಿಗೆ ಪಾಲಿಸಿದರೆ ಮೊಸರು ಗಟ್ಟಿಯಾಗಿಯೇ ಬರುತ್ತದೆ, ಊಟಕ್ಕೆ ಅಷ್ಟು ಸಾಕು. ಆದರೆ ನಾಲ್ವರಲ್ಲಿ ಯಾರ ಮಾತು ಸರಿ ಎಂಬುದು ಮಾತ್ರ ಆ ಗಟ್ಟಿ ಮೊಸರಿನಿಂದ ತಿಳಿಯುವುದಿಲ್ಲ. ಅದನ್ನು ತಿಳಿಯಬೇಕಾದರೆ ಅಡುಗೆಯನ್ನು ಪ್ರಯೋಗವಾಗಿ ಮಾರ್ಪಡಿಸಬೇಕು, ಅಂದರೆ ಚರಗಳನ್ನು ಒಂದರಿಂದೊಂದು ಬಿಡಿಸಿ ನೋಡಬೇಕು.

ಪ್ರಯೋಗವೊಂದರಲ್ಲಿ ಬೇರೆ ಬೇರೆ ಬೆಲೆಗಳನ್ನು ಪಡೆಯಬಲ್ಲ ಯಾವುದೇ ಪರಿಮಾಣ ಅಥವಾ ಗುಣವನ್ನು ಚರ ಎನ್ನುತ್ತಾರೆ. ಬೀಜಗಣಿತದಲ್ಲಿ ನಾವು ಕಲಿತ ಚರಾಕ್ಷರದ ಚರವೂ ಇದೇ. ಶಿಕ್ಷಣಶಾಸ್ತ್ರ, ಅರ್ಥಶಾಸ್ತ್ರಗಳ ಪುಸ್ತಕಗಳಲ್ಲಿ ಇದೇ ಅರ್ಥಕ್ಕೆ ಚಲಕ ಎಂಬ ಪದವೂ ಬಳಕೆಯಲ್ಲಿದೆ. ಪ್ರಯೋಗಕಾರನು ತಾನಾಗಿ ಬದಲಿಸುವುದು ಸ್ವತಂತ್ರ ಚರ, ಆ ಬದಲಾವಣೆಗೆ ಪ್ರತಿಯಾಗಿ ಏನಾಯಿತೆಂದು ಅಳೆಯುವುದು ಅವಲಂಬಿತ ಅಥವಾ ಪರತಂತ್ರ ಚರ, ಇವೆರಡರ ನಡುವೆ ತಲೆಹಾಕದಂತೆ ಒಂದೇ ಮಟ್ಟದಲ್ಲಿ ಹಿಡಿದಿಡುವಂಥವು ನಿಯಂತ್ರಿತ ಚರಗಳು. ಪಠ್ಯಪುಸ್ತಕದ ವ್ಯಾಖ್ಯೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ, ವಿದ್ಯಾರ್ಥಿಯ ಗೊಂದಲವೂ ಇಲ್ಲಿಂದಲೇ ಶುರುವಾಗುತ್ತದೆ. ಸ್ವತಂತ್ರ ಎಂಬ ಹೆಸರು ಕೇಳಿದಾಗ ಅದು ಯಾರ ಮಾತನ್ನೂ ಕೇಳದ ಚರವಿರಬೇಕೆಂದು ಅನ್ನಿಸುತ್ತದೆ. ವಾಸ್ತವದಲ್ಲಿ ಅದು ಪೂರ್ತಿಯಾಗಿ ಪ್ರಯೋಗಕಾರನ ಕೈಯಲ್ಲಿರುವ ಚರ, ಆ ಪ್ರಯೋಗದ ಉಳಿದ ಚರಗಳ ಹಂಗಿಲ್ಲ ಎಂಬಷ್ಟಕ್ಕೆ ಮಾತ್ರ ಅದು ಸ್ವತಂತ್ರ.

ಮೊಸರಿನ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಹೆಪ್ಪು ಹಾಕುವಾಗ ಹಾಲು ಎಷ್ಟು ಬಿಸಿಯಿರಬೇಕು ಎಂಬುದು ನಮ್ಮ ಪ್ರಶ್ನೆಯಾದರೆ, ಒಂದೇ ಪ್ಯಾಕೆಟ್ಟಿನ ಅರ್ಧ ಲೀಟರ್ ಹಾಲನ್ನು ಕಾಯಿಸಿ, ಒಂದೇ ಅಳತೆಯ ಐದು ಸ್ಟೀಲ್ ಲೋಟಗಳಿಗೆ ಸಮನಾಗಿ ಹಂಚಿ, 25, 30, 35, 40 ಮತ್ತು 45 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಒಂದೊಂದಕ್ಕೂ ಒಂದೇ ಬಟ್ಟಲಿನ ಹೆಪ್ಪನ್ನು ಅರ್ಧರ್ಧ ಚಮಚದಂತೆ ಕಲಸಿಡಬಹುದು. ಉಷ್ಣತೆ ಸ್ವತಂತ್ರ ಚರ. ಹಾಲು, ಹೆಪ್ಪು, ಲೋಟ, ಇಡುವ ಜಾಗ ಇವು ನಿಯಂತ್ರಿತ ಚರಗಳು. ಕಾಗದದ ಮೇಲೆ ಇದು ಅಚ್ಚುಕಟ್ಟಾಗಿಯೇ ಕಾಣುತ್ತದೆ, ಆದರೆ ಲೋಟದಲ್ಲಿ ಬೆರಳಿಟ್ಟು ನೋಡಿದವರಿಗೆ ಬೇರೆ ಸಂಗತಿಯೊಂದು ಗೊತ್ತಾಗುತ್ತದೆ. 45 ಡಿಗ್ರಿಯಲ್ಲಿ ಹೆಪ್ಪು ಕಂಡ ಲೋಟ ಆ ಬಿಸಿಯಲ್ಲೇ ಉಳಿಯುವುದಿಲ್ಲ. ಅಷ್ಟು ಕಡಿಮೆ ಹಾಲು ತೆಳುವಾದ ಸ್ಟೀಲಿನಲ್ಲಿ ಬೇಗನೆ ಆರಿ ಕೋಣೆಯ ಉಷ್ಣತೆಗೆ ಇಳಿಯುತ್ತದೆ, ಆಮೇಲೆ ರಾತ್ರಿಯಿಡೀ ಐದೂ ಲೋಟಗಳು ಹೆಚ್ಚುಕಡಿಮೆ ಒಂದೇ ಚಳಿಯಲ್ಲಿ ಕುಳಿತಿರುತ್ತವೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಗಳಿಗೆ ಆರಂಭದ ಬಿಸಿಗಿಂತ ಗಂಟೆಗಟ್ಟಲೆ ಉಳಿಯುವ ಬೆಚ್ಚನೆಯೇ ಮುಖ್ಯ. ಹೀಗಾಗಿ ನಾವು ಬದಲಿಸಿದ್ದೇವೆಂದುಕೊಂಡದ್ದು ಒಂದು, ನಿಜವಾಗಿ ಬದಲಾದದ್ದು ಇನ್ನೊಂದು. ಹೆಪ್ಪು ಹಾಕುವ ಕ್ಷಣದ ಉಷ್ಣತೆ ಮತ್ತು ಹೆಪ್ಪುಗಟ್ಟುವ ಹೊತ್ತಿನುದ್ದಕ್ಕೂ ಇರುವ ಉಷ್ಣತೆ ಎರಡು ಬೇರೆ ಬೇರೆ ಚರಗಳು. ಅಕ್ಕಿ ಡಬ್ಬವನ್ನು ಸೂಚಿಸಿದ ಅಜ್ಜಿಗೆ ಈ ವ್ಯತ್ಯಾಸ ತಿಳಿದಿತ್ತು.

ಅವಲಂಬಿತ ಚರದ ಕಡೆಯೂ ಇಂಥದೇ ತೊಡಕಿದೆ. ಮೊಸರಾಯಿತು ಎಂದರೆ ಏನು? ಲೋಟ ಓರೆ ಮಾಡಿದಾಗ ಜಾರದೆ ನಿಂತರೆ ಮೊಸರೇ, ಚಮಚ ಹಾಕಿದಾಗ ಹೋಳಾಗಿ ಬಂದರೆ ಮೊಸರೇ, ನಾಲಿಗೆಗೆ ಹುಳಿ ಎನಿಸಿದರೆ ಮೊಸರೇ? ಹಾಲಿನ ಕೇಸೀನ್ ಎಂಬ ಪ್ರೋಟೀನು, ಹುಳಿ ಏರಿದಂತೆ ಇಳಿಯುವ ಪಿಎಚ್ ಎಂಬ ಅಳತೆ 4.6ರ ಆಸುಪಾಸಿಗೆ ಬಂದಾಗ ಒಟ್ಟುಗೂಡಿ ಗಟ್ಟಿಯಾಗುತ್ತದೆಯಾದ್ದರಿಂದ ಪಿಎಚ್ ಅಳೆಯುವುದು ಒಂದು ದಾರಿ. ಅರ್ಧ ಗಂಟೆಗೊಮ್ಮೆ ಲೋಟವನ್ನು ಮೆಲ್ಲಗೆ ಓರೆ ಮಾಡಿ, ಮೇಲ್ಮೈ ಅಲುಗದಿರಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡುವುದು ಇನ್ನೊಂದು. ಯಾವುದನ್ನು ಆರಿಸಿದರೂ ಪ್ರಯೋಗ ಆರಂಭಿಸುವ ಮೊದಲೇ ಆರಿಸಬೇಕು, ಐದು ಲೋಟಕ್ಕೂ ಅದೇ ಅಳತೆಗೋಲು ಇರಬೇಕು. ಬೆಳಿಗ್ಗೆ ಒಂದು ಸಲ ನೋಡಿ ಆಗಿದೆ, ಆಗಿಲ್ಲ ಎಂದು ಗುರುತು ಹಾಕುವವರಿಗಿಂತ ಎಷ್ಟು ನಿಮಿಷ ಬೇಕಾಯಿತೆಂದು ಬರೆದವರಿಗೆ ಅದೇ ಹಾಲಿನಿಂದ ಹೆಚ್ಚು ಮಾಹಿತಿ ಸಿಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಉಷ್ಣತೆ ಎಂಬುದು ಹುಟ್ಟಿನಿಂದಲೇ ಸ್ವತಂತ್ರ ಚರವೇನೂ ಅಲ್ಲ. ಮಣ್ಣಿನ ಕುಡಿಕೆ ಮತ್ತು ಸ್ಟೀಲ್ ಪಾತ್ರೆಗಳಲ್ಲಿ ಯಾವುದು ಹಾಲನ್ನು ಹೆಚ್ಚು ಹೊತ್ತು ಬೆಚ್ಚಗಿಡುತ್ತದೆ ಎಂದು ಕೇಳಿದರೆ ಅದೇ ಉಷ್ಣತೆ ಅವಲಂಬಿತ ಚರವಾಗುತ್ತದೆ. ಹೆಪ್ಪಿನ ಪ್ರಮಾಣ ಎಷ್ಟಿರಬೇಕು ಎಂದು ಕೇಳಿದರೆ ಅದೇ ಉಷ್ಣತೆ ನಿಯಂತ್ರಿತ ಚರ. ಪರೀಕ್ಷೆಗಾಗಿ ಉಷ್ಣತೆ, ಕಾಲ, ಬೆಳಕು ಇವೆಲ್ಲ ಸ್ವತಂತ್ರ, ಎತ್ತರ, ತೂಕ ಇವೆಲ್ಲ ಅವಲಂಬಿತ ಎಂದು ಪಟ್ಟಿ ಬಾಯಿಪಾಠ ಮಾಡುವ ಮಕ್ಕಳನ್ನು ಕಂಡಾಗ ನನಗೆ ಬೇಸರವಾಗುವುದು ಇದಕ್ಕೇ. ಚರದ ಜಾತಿ ಗೊತ್ತಾಗುವುದು ನಾವು ಕೇಳುವ ಪ್ರಶ್ನೆಯಿಂದ, ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಪಟ್ಟಿ ಮಾಡಲು ಬರುವುದಿಲ್ಲ.

ಶಾಲೆಯ ಪ್ರಯೋಗಾಲಯದಲ್ಲಿ ಎಲ್ಲರೂ ಮಾಡುವ ಸರಳ ಲೋಲಕದ ಪ್ರಯೋಗ ಇದನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತದೆ. ದಾರದ ಉದ್ದ, ಗುಂಡಿನ ತೂಕ, ಎಷ್ಟು ದೂರ ಎಳೆದು ಬಿಡುತ್ತೇವೆ ಎಂಬ ಕೋನ, ಈ ಮೂರನ್ನೂ ನಾವು ಬದಲಿಸಬಹುದು. ಒಂದು ಆಂದೋಲನಕ್ಕೆ ಹಿಡಿಯುವ ಕಾಲವನ್ನು ಅಳೆಯುತ್ತೇವೆ. ಉದ್ದ ಒಂದು ಮೀಟರ್ ಇದ್ದಾಗ ಕಾಲ ಸುಮಾರು 2 ಸೆಕೆಂಡು. ಅರ್ಧದಷ್ಟು ಕಾಲ ಬೇಕೆಂದರೆ ದಾರವನ್ನು ಅರ್ಧ ಮಾಡಿದರೆ ಸಾಲದು, ನಾಲ್ಕನೇ ಒಂದು ಭಾಗಕ್ಕೆ, ಅಂದರೆ 25 ಸೆಂಟಿಮೀಟರಿಗೆ ಇಳಿಸಬೇಕು. ಗುಂಡನ್ನು ಎರಡು ಪಟ್ಟು ಭಾರ ಮಾಡಿದರೂ ಕಾಲ ಬದಲಾಗುವುದಿಲ್ಲ. ಕೋನ ಚಿಕ್ಕದಿರುವವರೆಗೆ ಅದರದೂ ಗಣನೀಯ ಪ್ರಭಾವವಿಲ್ಲ. ಉದ್ದವನ್ನೂ ಗುಂಡನ್ನೂ ಒಟ್ಟಿಗೆ ಬದಲಿಸಿದ ವಿದ್ಯಾರ್ಥಿ ಕಾಲದ ವ್ಯತ್ಯಾಸವನ್ನು ಗುಂಡಿನ ಲೆಕ್ಕಕ್ಕೆ ಬರೆದರೂ ಬರೆದಾನು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ನಿಯಮದ ಹಿಂದಿರುವುದು ಇಷ್ಟೇ ವಿವೇಕ.

ಲೋಲಕದಲ್ಲಿ ನಮ್ಮ ಪಟ್ಟಿಗೆ ಸೇರದ ಇನ್ನೊಂದು ಸಂಗತಿಯಿದೆ, ಅದು ಗುರುತ್ವ. ಒಂದೇ ಪ್ರಯೋಗಾಲಯದಲ್ಲಿ ಕುಳಿತವರಿಗೆ ಅದು ಸ್ಥಿರಾಂಕ. 1672ರಲ್ಲಿ ಫ್ರಾನ್ಸಿನ ಖಗೋಳಜ್ಞ ಝಾಂ ರಿಶೇ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದಾಗ, ಪ್ಯಾರಿಸ್ಸಿನಲ್ಲಿ ಸರಿಯಾಗಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುತ್ತಿತ್ತು. ಅದನ್ನು ಸರಿಪಡಿಸಲು ಲೋಲಕವನ್ನು ಮೂರು ಮಿಲಿಮೀಟರಿಗೂ ತುಸು ಕಡಿಮೆ ಗಿಡ್ಡ ಮಾಡಬೇಕಾಯಿತು. ಗಡಿಯಾರ ಕೆಟ್ಟಿದೆ ಎಂದು ಕೈಬಿಡದೆ ಅವನು ಈ ವ್ಯತ್ಯಾಸವನ್ನು ಬರೆದಿಟ್ಟ. ಭೂಮಿ ಸಮಭಾಜಕದ ಬಳಿ ಉಬ್ಬಿದೆ, ಅಲ್ಲಿ ಗುರುತ್ವ ಕಡಿಮೆ ಎಂಬ ತನ್ನ ವಾದಕ್ಕೆ ನ್ಯೂಟನ್ ಮುಂದೆ ಈ ವೀಕ್ಷಣೆಯನ್ನು ಆಧಾರವಾಗಿ ಬಳಸಿಕೊಂಡ. ಎಲ್ಲರೂ ಸ್ಥಿರವೆಂದು ನಂಬಿದ್ದುದು, ಸ್ಥಳ ಬದಲಾದಾಗ, ಚರವಾಗಿ ಹೊರಬಿತ್ತು. ನಮ್ಮಲ್ಲೇ ನೋಡಿದರೆ ನೀರು ಕುದಿಯುವ ಬಿಂದು ಮಂಗಳೂರಿನ ಕಡಲ ದಂಡೆಯಲ್ಲಿ 100 ಡಿಗ್ರಿಯಾದರೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ 97ರ ಆಸುಪಾಸು. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸುವ ಸಮಯವನ್ನು ಈ ಎರಡು ಊರುಗಳ ನಡುವೆ ಹೋಲಿಸುವವರು ಬೇಳೆಯ ತಳಿಯ ಜೊತೆಗೆ ಊರಿನ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಕಾಣದ ಚರವೊಂದು ಎಚ್ಚರದ ಪ್ರಯೋಗವನ್ನೂ ದಾರಿತಪ್ಪಿಸಿದ ಉದಾಹರಣೆಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟನದು. ಈಗಿನ ಬೆಲ್ಜಿಯಂ ಪ್ರದೇಶದ ಈತ ಒಲೆಯಲ್ಲಿ ಒಣಗಿಸಿದ 200 ಪೌಂಡ್ ಮಣ್ಣನ್ನು ತೂಗಿ ಕುಂಡಕ್ಕೆ ತುಂಬಿ, 5 ಪೌಂಡ್ ತೂಕದ ವಿಲ್ಲೋ ಗಿಡವನ್ನು ನೆಟ್ಟ. ಮಳೆನೀರು ಅಥವಾ ಬಟ್ಟಿ ಇಳಿಸಿದ ನೀರನ್ನಷ್ಟೇ ಹಾಕಿದ; ಗಾಳಿಯಲ್ಲಿ ಹಾರಿ ಬರುವ ದೂಳು ಮಣ್ಣಿಗೆ ಸೇರಿ ತೂಕ ಕೆಡಬಾರದೆಂದು ಕುಂಡದ ಬಾಯಿಗೆ ತೂತುಗಳಿರುವ ತಗಡಿನ ಮುಚ್ಚಳ ಹೊದಿಸಿದ. ಐದು ವರ್ಷದ ಬಳಿಕ ಮರ 169 ಪೌಂಡಿಗೂ ತುಸು ಹೆಚ್ಚು ತೂಗಿತು, ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು 2 ಔನ್ಸ್ ಮಾತ್ರ. ಮಣ್ಣಿನಿಂದ ಬರಲಿಲ್ಲವೆಂದ ಮೇಲೆ ನೀರಿನಿಂದಲೇ ಬಂದಿರಬೇಕು, ಮರವೆಲ್ಲ ನೀರೇ ಎಂದು ಆತ ತೀರ್ಮಾನಿಸಿದ. ಅವನ ನಿಧನಾನಂತರ 1648ರಲ್ಲಿ ಇದು ಪ್ರಕಟವಾಯಿತು. ಮಣ್ಣು ಮರವಾಗುವುದಿಲ್ಲ ಎಂಬರ್ಧ ಸರಿ. ಉಳಿದರ್ಧದಲ್ಲಿ ಗಾಳಿಯನ್ನು ಅವನು ಚರವೆಂದೇ ಪರಿಗಣಿಸಲಿಲ್ಲ. ಮರದ ಒಣತೂಕದ ಬಹುಪಾಲು ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಬರುತ್ತದೆಂಬುದು ತಿಳಿಯಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು. ಗ್ಯಾಸ್ ಎಂಬ ಪದವನ್ನು ಟಂಕಿಸಿದವನೂ, ಇದ್ದಿಲು ಉರಿದಾಗ ಹೊರಡುವ ಇದೇ ಅನಿಲವನ್ನು ಗುರುತಿಸಿದವನೂ ಇದೇ ಹೆಲ್ಮಾಂಟ್ ಎಂಬುದು ಕಥೆಯ ವ್ಯಂಗ್ಯ. ತಗಡು ಮುಚ್ಚಿ ದೂಳನ್ನು ತಡೆದವನ ಲೆಕ್ಕದಿಂದ ಗಾಳಿ ತಪ್ಪಿಸಿಕೊಂಡಿತು.

ಹೀಗೆ ಪ್ರಶ್ನೆಗೆ ಸಂಬಂಧವಿಲ್ಲವೆಂದು ನಾವು ಕೈಬಿಟ್ಟರೂ ಫಲಿತಾಂಶಕ್ಕೆ ಕೈಹಾಕಬಲ್ಲ ಚರಗಳನ್ನು ಬಾಹ್ಯ ಚರಗಳೆನ್ನುತ್ತಾರೆ. ಅವುಗಳಲ್ಲೂ ಹೆಚ್ಚು ಅಪಾಯಕಾರಿಯಾದದ್ದು ಸ್ವತಂತ್ರ ಚರದ ಜೊತೆಗೇ ಬದಲಾಗುತ್ತ ಹೋಗುವ, ಅದರ ನೆರಳಿನಲ್ಲಿ ನಿಂತು ತನ್ನ ಪರಿಣಾಮವನ್ನು ಅದರ ಹೆಸರಿಗೆ ಬರೆಸುವ ಗೊಂದಲಕಾರಿ ಚರ. ರಾಗಿ ಹೊಲವೊಂದರಲ್ಲಿ ಹೊಸ ತಳಿಯನ್ನು ಬದುವಿನ ಪಕ್ಕದ ತಗ್ಗಿನ ತಾಕಿನಲ್ಲೂ, ಹಳೆಯ ತಳಿಯನ್ನು ಮೇಲಿನ ದಿಬ್ಬದ ತಾಕಿನಲ್ಲೂ ಬಿತ್ತಿದರೆಂದು ಇಟ್ಟುಕೊಳ್ಳಿ. ಮಳೆ ಬಂದಾಗ ನೀರೂ ಮೆಕ್ಕಲೂ ಇಳಿದು ನಿಲ್ಲುವುದು ತಗ್ಗಿನಲ್ಲಿ. ಅಲ್ಲಿ ತೆನೆ ದಪ್ಪ ಬಂದರೆ ಅದು ತಳಿಯ ಗುಣವೋ ಮಣ್ಣಿನ ಗುಣವೋ ಹೇಳುವವರಾರು? ಇಲ್ಲಿ ತಳಿ ಮತ್ತು ಮಣ್ಣು ಗಂಟುಬಿದ್ದಿವೆ. ಎಷ್ಟೇ ಜಾಗ್ರತೆಯಿಂದ ತೂಗಿದರೂ ಆ ಗಂಟು ತೂಕದ ತಕ್ಕಡಿಯಲ್ಲಿ ಬಿಚ್ಚುವುದಿಲ್ಲ.

ಇಂಥ ಗಂಟನ್ನು ಬಿಚ್ಚುವ ದಾರಿ ಹುಟ್ಟಿದ್ದೂ ಹೊಲದಲ್ಲೇ. 1919ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿದ ರೊನಾಲ್ಡ್ ಫಿಶರ್ ಎದುರಿಸಿದ ಸಮಸ್ಯೆ ಇದೇ ಆಗಿತ್ತು: ಒಂದೇ ಹೊಲದಲ್ಲಿ ಹತ್ತು ಹೆಜ್ಜೆಗೆ ಮಣ್ಣು ಬದಲಾಗುತ್ತದೆ, ಅದನ್ನು ಸಮ ಮಾಡಲು ಯಾರಿಂದಲೂ ಆಗದು. ಹಿಡಿದಿಡಲು ಬಾರದ ಚರವನ್ನು ಹರಡಿಬಿಡಬೇಕೆಂಬುದು ಅವರ ಉಪಾಯ. ಹೊಲವನ್ನು ಇಳಿಜಾರಿಗೆ ಅಡ್ಡಲಾಗಿ, ಒಳಗೆ ಆದಷ್ಟು ಒಂದೇ ಬಗೆಯ ಮಣ್ಣಿರುವಂತೆ ಪಟ್ಟಿಗಳಾಗಿ ವಿಂಗಡಿಸಿ, ಪ್ರತಿ ಪಟ್ಟಿಯೊಳಗೂ ಎಲ್ಲ ತಳಿಗಳನ್ನೂ ಇಟ್ಟು, ಯಾವ ತಾಕಿಗೆ ಯಾವ ತಳಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದರೆ, ಫಲವತ್ತಾದ ಜಾಗ ಯಾವುದೇ ಒಂದು ತಳಿಯ ಪರವಾಗಿ ನಿಲ್ಲುವುದಿಲ್ಲ. ಪ್ರಯೋಗಕಾರನಿಗೆ ಹೆಸರೂ ಗೊತ್ತಿಲ್ಲದ ಚರಗಳಿಗೂ ಈ ಚೀಟಿ ಅನ್ವಯಿಸುತ್ತದೆ ಎಂಬುದೇ ಇದರ ದೊಡ್ಡ ಬಲ. ಇಂದು ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಪ್ರಯೋಗ ತಾಕುಗಳನ್ನು ನೋಡಿದರೆ ಇದೇ ಏರ್ಪಾಡು ಕಾಣುತ್ತದೆ. ಅಂಚಿನ ಸಾಲಿನ ಪೈರಿಗೆ ಬಿಸಿಲೂ ಜಾಗವೂ ಹೆಚ್ಚು ಸಿಗುವುದರಿಂದ ಆ ಸಾಲುಗಳನ್ನು ಬಿಟ್ಟು ಒಳಗಿನ ಸಾಲುಗಳ ಇಳುವರಿಯನ್ನಷ್ಟೇ ತೂಗುವ ಪದ್ಧತಿಯೂ ಇದೆ.

ಒಂದು ಸಲಕ್ಕೆ ಒಂದೇ ಚರ ಎಂಬ ಶಾಲೆಯ ನಿಯಮದ ಮಿತಿಯೂ ಹೊಲದಲ್ಲೇ ತಿಳಿಯುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಯೂರಿಯಾ ಕೊಟ್ಟ ರಾಗಿಗೆ ಇಳುವರಿ ಏರಬಹುದು, ಮಳೆ ಕೈಕೊಟ್ಟ ವರ್ಷ ಅಷ್ಟೇ ಯೂರಿಯಾದಿಂದ ಹೆಚ್ಚೇನೂ ಆಗದೆ ಇರಬಹುದು. ಇಲ್ಲಿ ಮಳೆ ಇಳುವರಿಯನ್ನು ತಾನೇ ಬದಲಿಸುವುದರ ಜೊತೆಗೆ ಗೊಬ್ಬರದ ಪ್ರಭಾವದ ಬಲವನ್ನೂ ಬದಲಿಸುತ್ತದೆ. ಇಂಥದನ್ನು ಮಾರ್ಪಡಿಸುವ ಚರ ಎನ್ನಬಹುದು. ಇದನ್ನು ಹಿಡಿಯಬೇಕಾದರೆ ನೀರು ಮತ್ತು ಗೊಬ್ಬರ ಎರಡನ್ನೂ ಎಲ್ಲ ಜೋಡಣೆಗಳಲ್ಲಿ ಬದಲಿಸಿ ನೋಡಬೇಕೇ ಹೊರತು ಒಂದನ್ನು ಕಟ್ಟಿಹಾಕಿ ಇನ್ನೊಂದನ್ನು ನೋಡಿದರೆ ಸಾಲದು.

ಕಾರಣ ಮತ್ತು ಪರಿಣಾಮಗಳ ನಡುವೆ ಕುಳಿತಿರುವ ಚರವೂ ಉಂಟು, ಅದಕ್ಕೆ ಮಧ್ಯವರ್ತಿ ಚರ ಎಂದು ಹೆಸರು. 1747ರ ಮೇ ತಿಂಗಳಲ್ಲಿ ಬ್ರಿಟಿಷ್ ನೌಕಾಪಡೆಯ ಸ್ಯಾಲಿಸ್‌ಬರಿ ಹಡಗಿನಲ್ಲಿ ವೈದ್ಯ ಜೇಮ್ಸ್ ಲಿಂಡ್ ಸ್ಕರ್ವಿ ಹಿಡಿದ 12 ನಾವಿಕರನ್ನು ಎರಡೆರಡಾಗಿ ಆರು ಜೋಡಿ ಮಾಡಿದ. ರೋಗದ ಲಕ್ಷಣಗಳು ಆದಷ್ಟು ಒಂದೇ ರೀತಿ ಇರುವವರನ್ನೇ ಆರಿಸಿ, ಹಡಗಿನ ಒಂದೇ ಭಾಗದಲ್ಲಿ ಮಲಗಿಸಿ, ಎಲ್ಲರಿಗೂ ಒಂದೇ ಊಟ ಕೊಟ್ಟ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇವು ಅವನ ನಿಯಂತ್ರಿತ ಚರಗಳು. ಬದಲಾದದ್ದು ಚಿಕಿತ್ಸೆ ಮಾತ್ರ: ಒಂದು ಜೋಡಿಗೆ ಸೇಬಿನ ಮದ್ಯವಾದ ಸೈಡರ್, ಒಂದಕ್ಕೆ ನೀರು ಬೆರೆಸಿದ ಗಂಧಕಾಮ್ಲದ ಕಷಾಯ, ಒಂದಕ್ಕೆ ವಿನೆಗರ್, ಒಂದಕ್ಕೆ ಸಮುದ್ರದ ನೀರು, ಒಂದಕ್ಕೆ ದಿನಕ್ಕೆ ಎರಡು ಕಿತ್ತಳೆ ಮತ್ತು ಒಂದು ನಿಂಬೆ, ಕೊನೆಯದಕ್ಕೆ ಬೆಳ್ಳುಳ್ಳಿ, ಸಾಸಿವೆ ಮುಂತಾದವುಗಳ ಲೇಹ್ಯ. ಆರೇ ದಿನಕ್ಕೆ ಹಣ್ಣು ಮುಗಿದುಹೋಯಿತು, ಆದರೆ ಅಷ್ಟರಲ್ಲೇ ಹಣ್ಣು ತಿಂದವರಲ್ಲಿ ಒಬ್ಬ ಕೆಲಸಕ್ಕೆ ಮರಳುವಷ್ಟು ಚೇತರಿಸಿಕೊಂಡಿದ್ದ. ಜೋಡಿಗೆ ಇಬ್ಬರೇ ಎಂಬುದು ಇಂದಿನ ಕಣ್ಣಿಗೆ ತೀರಾ ಕಡಿಮೆ. ಅದನ್ನು ಒಪ್ಪಿಕೊಂಡೂ ಈ ಏರ್ಪಾಡಿನ ಶಿಸ್ತನ್ನು ಮೆಚ್ಚಬೇಕು.

ಗುಣ ಮಾಡಿದ್ದು ಹಣ್ಣಿನ ಯಾವ ಅಂಶ ಎಂಬುದು ಲಿಂಡನಿಗೆ ತಿಳಿದಿರಲಿಲ್ಲ. ಹುಳಿಯೇ ಔಷಧಿ ಎಂಬ ನಂಬಿಕೆ ಆಗ ಬಲವಾಗಿತ್ತು, ಆದರೆ ವಿನೆಗರ್ ಮತ್ತು ಗಂಧಕಾಮ್ಲ ಎರಡೂ ಹುಳಿಯಾಗಿದ್ದರೂ ಕೆಲಸ ಮಾಡಲಿಲ್ಲವೆಂಬ ಉತ್ತರ ಅವನ ಪ್ರಯೋಗದೊಳಗೇ ಇತ್ತು. ದೂರಪ್ರಯಾಣಕ್ಕೆ ಕೆಡದಿರಲೆಂದು ರಸವನ್ನು ಕಾಯಿಸಿ ಗಟ್ಟಿ ಮಾಡಿ ಇಟ್ಟುಕೊಳ್ಳಲು ಅವನು ಸೂಚಿಸಿದ. ಹಾಗೆ ಕಾಯಿಸಿದಾಗ ವಿಟಮಿನ್ ಸಿ ಬಹುಪಾಲು ನಾಶವಾಗುತ್ತದೆ. ಹಣ್ಣಿಗೂ ಚೇತರಿಕೆಗೂ ನಡುವೆ ನಿಂತಿದ್ದ ಮಧ್ಯವರ್ತಿ ಚರ ಆ ವಿಟಮಿನ್ ಎಂಬುದು ಗೊತ್ತಾದದ್ದು 20ನೆಯ ಶತಮಾನದಲ್ಲಿ.

ಅಳೆಯುವವನೇ ಚರವಾಗುವುದು ಇನ್ನೊಂದು ಬಗೆ. ಕಳೆದ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಗೊರಸು ತಟ್ಟಿ ಲೆಕ್ಕದ ಉತ್ತರ ಹೇಳುತ್ತಿತ್ತು. 1907ರಲ್ಲಿ ಪ್ರಕಟವಾದ ಆಸ್ಕರ್ ಫುಂಗ್ಸ್ಟ್ ಅವರ ಪರೀಕ್ಷೆ ಸರಳವಾಗಿತ್ತು: ಪ್ರಶ್ನೆ ಕೇಳುವವನಿಗೆ ಉತ್ತರ ಗೊತ್ತಿದೆಯೇ ಇಲ್ಲವೇ, ಕುದುರೆಗೆ ಅವನು ಕಾಣುತ್ತಾನೆಯೇ ಇಲ್ಲವೇ ಎಂಬ ಎರಡನ್ನು ಬದಲಿಸಿ ನೋಡುವುದು. ಉತ್ತರ ಗೊತ್ತಿಲ್ಲದವನು ಕೇಳಿದಾಗ, ಅಥವಾ ಕೇಳುವವನು ಕಣ್ಣಿಗೆ ಬೀಳದಿದ್ದಾಗ ಕುದುರೆಯ ಗಣಿತ ಕೈಕೊಟ್ಟಿತು. ಸರಿಯಾದ ಎಣಿಕೆ ಬಂದಾಗ ಪ್ರಶ್ನಿಸಿದವನು ತನಗರಿವಿಲ್ಲದೆಯೇ ತಲೆಯನ್ನು ತುಸು ಅಲುಗಿಸುತ್ತಿದ್ದ, ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಔಷಧಿಯ ಪರೀಕ್ಷೆಗಳಲ್ಲಿ ಯಾರಿಗೆ ನಿಜವಾದ ಗುಳಿಗೆ ಸಿಕ್ಕಿದೆ ಎಂಬುದನ್ನು ರೋಗಿಗೂ ವೈದ್ಯರಿಗೂ ತಿಳಿಸದಿರುವುದು ಇದೇ ಬಗೆಯ ಮೋಸವನ್ನು ತಡೆಯಲು.

ನಿಯಂತ್ರಿತ ಚರ ಮತ್ತು ನಿಯಂತ್ರಣ ಗುಂಪು ಇವೆರಡನ್ನು ಒಂದೇ ಎಂದು ಬರೆಯುವವರು ಬಹಳ. ಹೆಪ್ಪಿಲ್ಲದಿದ್ದಾಗ ಹಸಿಮೆಣಸಿನಕಾಯಿಯ ತೊಟ್ಟನ್ನು ಹಾಲಿಗೆ ಹಾಕಿದರೆ ಮೊಸರಾಗುತ್ತದೆ ಎಂಬ ಮಾತಿದೆಯಲ್ಲ, ಅದನ್ನು ಪರೀಕ್ಷಿಸುವಾಗ ವ್ಯತ್ಯಾಸ ಸ್ಪಷ್ಟವಾಗುತ್ತದೆ. ತೊಟ್ಟು ಹಾಕಿದ ಲೋಟವೊಂದನ್ನೇ ಇಟ್ಟು, ಅದು ಹೆಪ್ಪುಗಟ್ಟಿತೆಂದು ಸಂಭ್ರಮಿಸಿದರೆ ಏನೂ ಸಿದ್ಧವಾಗುವುದಿಲ್ಲ, ಏಕೆಂದರೆ ಪಾತ್ರೆಯಲ್ಲೂ ಚಮಚದಲ್ಲೂ ಉಳಿದ ಹಳೆಯ ಮೊಸರಿನ ಸೂಕ್ಷ್ಮಜೀವಿಗಳೇ ಆ ಕೆಲಸ ಮಾಡಿರಬಹುದು. ಪಕ್ಕದಲ್ಲಿ ಏನನ್ನೂ ಹಾಕದ ಒಂದು ಲೋಟ ಇರಬೇಕು. ಅದು ನಿಯಂತ್ರಣ ಗುಂಪು: ಸ್ವತಂತ್ರ ಚರ ಸೊನ್ನೆಯಾಗಿದ್ದಾಗ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ. ಎರಡೂ ಲೋಟಕ್ಕೆ ಒಂದೇ ಹಾಲು, ಒಂದೇ ಜಾಗ ಎಂಬುವು ನಿಯಂತ್ರಿತ ಚರಗಳು. ಸಾಧ್ಯವಾದರೆ ಮಾಮೂಲಿ ಹೆಪ್ಪು ಹಾಕಿದ ಮೂರನೆಯ ಲೋಟವೂ ಇರಲಿ. ಅದೂ ಮೊಸರಾಗದಿದ್ದರೆ ಆ ರಾತ್ರಿಯ ಚಳಿಯನ್ನು ದೂರಬೇಕೇ ಹೊರತು ಮೆಣಸಿನಕಾಯಿಯನ್ನಲ್ಲ.

ಚರಗಳನ್ನು ಅಳತೆಯ ದೃಷ್ಟಿಯಿಂದಲೂ ವಿಂಗಡಿಸುತ್ತಾರೆ, ಅದನ್ನು ಚುಟುಕಾಗಿ ಹೇಳಿ ಮುಗಿಸಬಹುದು. ರಾಗಿಯ ತಳಿ, ಲಿಂಡನ ಆರು ಚಿಕಿತ್ಸೆ ಇವು ಹೆಸರಷ್ಟೇ ಇರುವ ಗುಣಾತ್ಮಕ ಚರಗಳು. ಮೊಸರಿನ ಹುಳಿಯನ್ನು ಸಪ್ಪೆ, ಹದ, ಹುಳಿ ಎಂದು ಜೋಡಿಸಿದರೆ ಅದಕ್ಕೆ ಕ್ರಮವಿದೆ, ಆದರೆ ಹಂತಗಳ ನಡುವಿನ ಅಂತರಕ್ಕೆ ಅಳತೆಯಿಲ್ಲ. ತೆನೆಗಳ ಎಣಿಕೆ ಬಿಡಿಬಿಡಿಯಾಗಿ ಏರುತ್ತದೆ, ಧಾನ್ಯದ ತೂಕ ನಿರಂತರವಾಗಿ. ಸೆಲ್ಸಿಯಸ್ ಮಾಪಕದಲ್ಲಿ ಅಂತರಗಳು ಸಮನಾಗಿದ್ದರೂ ಸೊನ್ನೆ ನಾವೇ ಇಟ್ಟದ್ದಾದ್ದರಿಂದ 40 ಡಿಗ್ರಿಯ ಹಾಲು 20 ಡಿಗ್ರಿಯ ಹಾಲಿನ ಎರಡರಷ್ಟು ಬಿಸಿ ಎನ್ನಲಾಗದು. ತೂಕಕ್ಕಾದರೆ ಆ ಮಾತು ಸಲ್ಲುತ್ತದೆ. ಮನಶ್ಶಾಸ್ತ್ರಜ್ಞ ಎಸ್. ಎಸ್. ಸ್ಟೀವನ್ಸ್ 1946ರಲ್ಲಿ ಬರಿಯ ಹೆಸರು, ಕ್ರಮ, ಸಮನಾದ ಅಂತರ, ನಿಜವಾದ ಸೊನ್ನೆ ಎಂಬ ಈ ನಾಲ್ಕು ಮಟ್ಟಗಳನ್ನು ಹೆಸರಿಸಿದರು. ಯಾವ ಚರ ಯಾವ ಮಟ್ಟದ್ದೆಂಬುದು ಗೊತ್ತಿದ್ದರೆ ಸರಾಸರಿ ತೆಗೆಯಬಹುದಾದಲ್ಲಿ ತೆಗೆಯಬಹುದು, ತಳಿಗಳ ಸಂಕೇತಸಂಖ್ಯೆಗಳಿಗೂ ಸರಾಸರಿ ಹಾಕುವ ತಪ್ಪು ತಪ್ಪುತ್ತದೆ.

ಮೊಸರಿನ ಪ್ರಯೋಗಕ್ಕೆ ಕೂರುವವರು ನೋಟ್‌ಬುಕ್ಕಿನಲ್ಲಿ ಲೋಟದ ಸಂಖ್ಯೆ, ಹೆಪ್ಪು ಹಾಕಿದಾಗಿನ ಉಷ್ಣತೆ, ಗಂಟೆಗೊಮ್ಮೆ ಅಳೆದ ಉಷ್ಣತೆ, ಗಟ್ಟಿಯಾಗಲು ಹಿಡಿದ ಸಮಯ ಎಂದು ಕಾಲಂಗಳನ್ನು ಎಳೆದುಕೊಂಡ ಮೇಲೆ, ಕೊನೆಯಲ್ಲಿ ತಲೆಬರಹವಿಲ್ಲದ ಅಗಲವಾದ ಕಾಲಂ ಒಂದನ್ನು ಬಿಟ್ಟುಕೊಳ್ಳುವುದು ಒಳ್ಳೆಯದು. ಎರಡನೆಯ ಲೋಟವನ್ನು ಬೆಳಿಗ್ಗೆ ಯಾರೋ ಪಕ್ಕಕ್ಕೆ ಸರಿಸಿದ್ದರು, ನಾಲ್ಕನೆಯದು ಫ್ರಿಜ್ಜಿನ ಹಿಂಬದಿಯ ಬಿಸಿಗೆ ತಾಗಿಕೊಂಡಿತ್ತು ಎಂಬಂಥವನ್ನು ಬರೆಯುವುದು ಅಲ್ಲಿ.